ಹುಲ್ಲುಹಾಸಿನ ಕೆಳಗಿನ ಊರು

ಉದ್ಯಾನವೆಂಬುದು ನಮಗೆ ಹೊಸ ಮಾತಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನವಿಹಾರವೂ ಒಂದೆಂದು ಲಾಕ್ಷಣಿಕರು ವಿಧಿಸಿದ್ದರಿಂದ, ಮಾವು, ಮಲ್ಲಿಗೆ, ಕೋಗಿಲೆ, ದುಂಬಿಗಳನ್ನು ಮಾತನಾಡಿಸದೆ ಮುಂದೆ ಹೋದ ಹಳೆಯ ಕವಿಗಳು ವಿರಳ. ಆದರೆ ಆ ಉದ್ಯಾನಗಳೆಲ್ಲ ಅರಮನೆಯ ಹಿಂದಣವು. ಅಲ್ಲಿ ವಿಹರಿಸುವವರು ರಾಜಕುಮಾರರು, ರಾಣೀವಾಸದವರು, ಅವರ ಸಖಿಯರು. ಊರಿನ ಕುಂಬಾರನೋ ನೇಕಾರನೋ ಸಂಜೆಯ ಹೊತ್ತು ಅದರೊಳಗೆ ಕಾಲಿಟ್ಟದ್ದನ್ನು ಯಾವ ಕವಿಯೂ ಹೇಳಿದಂತೆ ನಾನು ಕಾಣೆ. ಜನಸಾಮಾನ್ಯರ ಪಾಲಿಗೆ ಇದ್ದದ್ದು ಊರ ಮುಂದಿನ ಗುಂಡುತೋಪು, ಕೆರೆಯ ಏರಿ, ಅರಳಿಕಟ್ಟೆ. ಸಂತೆಗೆ ಹೋಗುವವರು ಗಾಡಿ ಬಿಟ್ಟು ದಣಿವಾರಿಸಿಕೊಳ್ಳುತ್ತಿದ್ದ ಆ ತೋಪುಗಳನ್ನು ಯಾರು ನೆಟ್ಟರೆಂದು ಕೇಳಿದರೆ, ಅಜ್ಜನ ಕಾಲದ್ದು ಎಂಬಷ್ಟೇ ಉತ್ತರ ದೊರೆಯುತ್ತಿತ್ತು.

ಕಾನೂನು ಮಾಡಿ, ಸಾರ್ವಜನಿಕರ ಹಣದಿಂದ ನೆಲವನ್ನು ಕೊಂಡು, ನಕ್ಷೆ ಬರೆಸಿ, ಕೂಲಿ ಕೊಟ್ಟು ಕಟ್ಟಿಸಿ, ಅನಂತರ ಎಲ್ಲರಿಗೂ ಬಾಗಿಲು ತೆರೆಯುವ ಉದ್ಯಾನ ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎದುರು ದಡದಲ್ಲಿರುವ ಬರ್ಕನ್‌ಹೆಡ್ ಎಂಬ ಊರಿನಲ್ಲಿ 1847ರಲ್ಲಿ ತೆರೆದ ಉದ್ಯಾನವನ್ನು ಈ ಬಗೆಯದರಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕು ಅದಾದ ಇಪ್ಪತ್ತಮೂರು ವರ್ಷಕ್ಕೆ, 1870ರಲ್ಲಿ, ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರನ ಕೈಯಲ್ಲಿ ರೂಪುಗೊಂಡಿತು. ಆದರೆ ನಾನು ಈ ಹೊತ್ತು ಮಾತನಾಡಹೊರಟಿರುವುದು ಇವೆರಡರ ನಡುವಣ ಕಾಲದಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಸೆಂಟ್ರಲ್ ಪಾರ್ಕನ್ನು ಕುರಿತು. ಅದರ ವಿಸ್ತಾರ 843 ಎಕರೆ. ಎಂದರೆ ನಮ್ಮ ಲಾಲ್‌ಬಾಗಿನಂಥ ಮೂರೂವರೆ ತೋಟಗಳು ಅದರಲ್ಲಿ ಹಿಡಿಸುತ್ತವೆ. ಅದರ ಸೊಬಗನ್ನು ವರ್ಣಿಸಿದವರು ಬಹಳ ಮಂದಿ. ನನ್ನ ಕುತೂಹಲವಿರುವುದು ಬೇರೊಂದು ಸಂಗತಿಯಲ್ಲಿ. ಎಲ್ಲರಿಗಾಗಿ ಎಂದು ಹೇಳಿ ಒಂದು ಉದ್ಯಾನವನ್ನು ಕಟ್ಟಹೊರಟಾಗ ಆ ‘ಎಲ್ಲರು’ ಎಂಬ ಮಾತಿನೊಳಗೆ ಯಾರು ಸೇರಿದರು, ಯಾರು ಬಿಟ್ಟುಹೋದರು ಎಂಬ ಪ್ರಶ್ನೆಗೆ ಇಲ್ಲಿ ದೊರೆಯುವಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ದೊರೆಯುವುದು ಕಷ್ಟ.

ನ್ಯೂಯಾರ್ಕಿನ ಹೃದಯಭಾಗವಾದ ಮ್ಯಾನ್‌ಹಟನ್ ಉದ್ದನೆಯ ಒಂದು ದ್ವೀಪ. 1811ರಲ್ಲಿ ಮೂವರು ಆಯುಕ್ತರು ಆ ದ್ವೀಪದ ಮುಂದಿನ ಬೆಳವಣಿಗೆಗೆಂದು ಒಂದು ನಕ್ಷೆ ಸಿದ್ಧಪಡಿಸಿದರು. ಉದ್ದಕ್ಕೆ 12 ಹೆದ್ದಾರಿಗಳು, ಅಡ್ಡಕ್ಕೆ 155 ಬೀದಿಗಳು. ಗುಡ್ಡವಿರಲಿ, ಹಳ್ಳವಿರಲಿ, ಗೆರೆ ಮಾತ್ರ ನೆಟ್ಟಗೆ ಹೋಗಬೇಕು. ಚದುರಂಗದ ಮಣೆಯ ಹಾಗೆ ಚೌಕ ಚೌಕವಾಗಿ ನಿವೇಶನಗಳು ಬಿದ್ದವು. ಮಾರುವುದಕ್ಕೂ ಕೊಳ್ಳುವುದಕ್ಕೂ ಬಹಳ ಅನುಕೂಲವಾಯಿತು. ಉಸಿರಾಡಲು ಬಯಲು ಬೇಕೆಂಬುದು ಆ ಮಹನೀಯರಿಗೆ ಅಷ್ಟಾಗಿ ತೋಚಲಿಲ್ಲ. ದ್ವೀಪದ ಎರಡೂ ಕಡೆ ನದಿಯ ಗಾಳಿಯಿದೆಯಲ್ಲ, ಸಾಲದೆ ಎಂದುಕೊಂಡರು. 1820ರಲ್ಲಿ ಸುಮಾರು 1.24 ಲಕ್ಷವಿದ್ದ ಜನಸಂಖ್ಯೆ 1850ರ ವೇಳೆಗೆ 5.15 ಲಕ್ಷ ಮೀರಿತು. ಅಯರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡವರು, ಜರ್ಮನಿಯಿಂದ ಬಂದವರು ಹಡಗು ಹಡಗಾಗಿ ಇಳಿದರು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಬೀದಿಯಲ್ಲಿ ಹಂದಿ, ಕುದುರೆ, ಕೊಚ್ಚೆ. ಮರ ಹುಲ್ಲು ನೋಡಬೇಕೆನಿಸಿದವರು ನದಿ ದಾಟಿ ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನಕ್ಕೆ ಹೋಗುತ್ತಿದ್ದರು. ಭಾನುವಾರದ ಸಂತೋಷಕ್ಕಾಗಿ ಗೋರಿಗಳ ನಡುವೆ ಅಡ್ಡಾಡುವ ಊರಿನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಈ ನಗರಕ್ಕೊಂದು ಉದ್ಯಾನ ಬೇಕೆಂದು ಮೊದಲು ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಒಬ್ಬ ಕವಿಯಿದ್ದ ಎಂಬುದು ಸಾಹಿತ್ಯಪ್ರಿಯರಾದ ನಮಗೆ ಹಿತವಾಗುವ ಸಂಗತಿ. ವಿಲಿಯಂ ಕಲನ್ ಬ್ರಯಂಟ್ ಆ ಕಾಲದ ಅಮೆರಿಕದ ಹೆಸರಾಂತ ಕವಿ. ಜೀವನೋಪಾಯಕ್ಕೆ ‘ಈವನಿಂಗ್ ಪೋಸ್ಟ್’ ಪತ್ರಿಕೆಯ ಸಂಪಾದಕ. 1844ರ ಬೇಸಿಗೆಯಲ್ಲಿ ಆತ ತನ್ನ ಪತ್ರಿಕೆಯಲ್ಲಿ ಹೊಸ ಉದ್ಯಾನವೊಂದನ್ನು ಬೇಡಿ ಅಗ್ರಲೇಖನ ಬರೆದ. ನಗರ ದ್ವೀಪವನ್ನೆಲ್ಲ ನುಂಗುವುದರೊಳಗೆ ಒಂದಿಷ್ಟು ನೆಲವನ್ನು ಎತ್ತಿಡಬೇಕೆಂದು ಎಚ್ಚರಿಸಿದ. ಅವನ ಬೆನ್ನಿಗೆ ನಿಂತವನು ತೋಟಗಾರಿಕೆಯ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಆ್ಯಂಡ್ರೂ ಜಾಕ್ಸನ್ ಡೌನಿಂಗ್. ಸಿರಿವಂತನೂ ಬಡವನೂ ಒಂದೇ ದಾರಿಯಲ್ಲಿ ನಡೆಯುವ ಜಾಗ ಪ್ರಜಾಪ್ರಭುತ್ವಕ್ಕೆ ಪಾಠಶಾಲೆಯಂತೆ ಎಂಬುದು ಅವನ ನಂಬಿಕೆ. ಉದ್ಯಾನ ಕಣ್ಣಿಗೆ ಬೀಳುವ ಮೊದಲೇ, 1852ರಲ್ಲಿ, ಹಡ್ಸನ್ ನದಿಯಲ್ಲಿ ಬೆಂಕಿಗೆ ಸಿಕ್ಕಿದ ಉಗಿಹಡಗೊಂದರಲ್ಲಿ ಅವನು ತೀರಿಕೊಂಡ.

ಬ್ರಯಂಟನ ಮನಸ್ಸಿನಲ್ಲಿದ್ದ ಜಾಗ ದ್ವೀಪದ ಪೂರ್ವದ ಅಂಚಿನಲ್ಲಿ, ನದಿಯ ಪಕ್ಕಕ್ಕೆ ಹಬ್ಬಿದ್ದ ಜೋನ್ಸ್ ವುಡ್ ಎಂಬ ವನ. ಅಲ್ಲಿ ಮರ ನೆಡಬೇಕಾಗಿರಲಿಲ್ಲ, ಮರಗಳಿದ್ದವು. ನೀರು ತರಬೇಕಾಗಿರಲಿಲ್ಲ, ನದಿ ಹರಿಯುತ್ತಿತ್ತು. ತೊಡಕು ಒಂದೇ. ಆ ವನ ಎರಡು ಶ್ರೀಮಂತ ಮನೆತನಗಳ ಆಸ್ತಿ, ಅವರು ಬಿಟ್ಟುಕೊಡಲೊಲ್ಲರು. ನ್ಯಾಯಾಲಯಕ್ಕೆ ಹೋದರು, ಶಾಸನಸಭೆಯಲ್ಲಿ ತಮ್ಮ ಕಡೆಯವರನ್ನು ಹಿಡಿದರು. ಆ ನೆಲವನ್ನು ಸ್ವಾಧೀನಪಡಿಸಿಕೊಳ್ಳಲು ಮಾಡಿದ ಕಾನೂನು 1854ರಲ್ಲಿ ರದ್ದಾಯಿತು. ಅದರೊಡನೆಯೇ ಹುಟ್ಟಿದ ಇನ್ನೊಂದು ಕಾನೂನು ಮಾತ್ರ ಉಳಿಯಿತು. 1853ರ ಜುಲೈ 21ರಂದು ಅಂಗೀಕಾರವಾದ ಅದು ದ್ವೀಪದ ನಟ್ಟನಡುವಿನ, 59ನೆಯ ಬೀದಿಯಿಂದ 106ನೆಯ ಬೀದಿಯವರೆಗಿನ ನೆಲವನ್ನು ಉದ್ಯಾನಕ್ಕೆಂದು ಗೊತ್ತುಮಾಡಿತು. ಉಳಿದ ನಾಲ್ಕು ಬೀದಿಗಳಗಲದ ನೆಲ ಸೇರಿದ್ದು ಆಮೇಲೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನಡುವಿನ ನೆಲವನ್ನು ಆರಿಸಿದ್ದಕ್ಕೆ ಸಕಾರಣಗಳೂ ಇದ್ದವು. ಅದು ವಿಸ್ತಾರವಾಗಿತ್ತು, ದ್ವೀಪದ ಎರಡೂ ಕಡೆಯವರಿಗೆ ಸಮಾನ ದೂರವಿತ್ತು, ನಗರಕ್ಕೆ ನೀರೊದಗಿಸುವ ಜಲಾಶಯ ಅಲ್ಲಿಯೇ ಇತ್ತು. ಹೆಬ್ಬಂಡೆ, ಜೌಗುಗಳಿಂದ ತುಂಬಿದ ಆ ನೆಲದಲ್ಲಿ ಬೀದಿ ಮಾಡಿ ಮನೆ ಕಟ್ಟುವುದು ದುಬಾರಿಯಾದ ಕೆಲಸ. ಸುತ್ತಮುತ್ತಲಿನ ಜಮೀನುದಾರರಿಗಂತೂ ಉದ್ಯಾನ ಬಂದರೆ ನಿವೇಶನದ ಬೆಲೆ ಏರುವುದೆಂಬ ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು. ಇಷ್ಟೆಲ್ಲ ನಿಜವಾದರೂ, ಸಿದ್ಧವಾಗಿದ್ದ ಕಾಡನ್ನು ಬಿಟ್ಟು ಕಾಡಿಲ್ಲದ ಕಡೆ ಕಾಡು ಬೆಳೆಸಲು ನಗರವೊಂದು ಹೊರಟದ್ದನ್ನು ಕಂಡಾಗ, ಕಾಡಿನ ಒಡೆಯರು ಯಾರು, ಬಂಡೆಯ ಒಡೆಯರು ಯಾರು ಎಂದು ಕೇಳದಿರಲು ಸಾಧ್ಯವಿಲ್ಲ.

ಬಂಡೆಯ ಮೇಲೆ ಜನ ಇದ್ದರು. ಹಂದಿ ಸಾಕುವ ಐರಿಶ್ ಕುಟುಂಬಗಳು, ತರಕಾರಿ ಬೆಳೆಯುವ ಜರ್ಮನರು, ಎಲುಬು ಬೇಯಿಸಿ ಸಕ್ಕರೆ ಕಾರ್ಖಾನೆಗಳಿಗೆ ಮಾರುವವರು, ಹೀಗೆ ಒಟ್ಟು ಸುಮಾರು 1,600 ಮಂದಿ. ಇವರಲ್ಲಿ ಪಶ್ಚಿಮದ ಅಂಚಿಗೆ, 82ನೆಯ ಬೀದಿಯಿಂದ 89ನೆಯ ಬೀದಿಯವರೆಗೆ ನೆಲೆಸಿದ್ದವರದು ಬರಿಯ ಗುಡಿಸಲುಗಳ ಗುಂಪಲ್ಲ, ಒಂದು ಊರು. ಅದರ ಹೆಸರು ಸೆನೆಕಾ ವಿಲೇಜ್. ಈ ಭಾಷಣದ ಮುಖ್ಯ ವಸ್ತು ಅದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1825ರಲ್ಲಿ ಜಾನ್ ವೈಟ್‌ಹೆಡ್ ಮತ್ತು ಎಲಿಜಬೆತ್ ವೈಟ್‌ಹೆಡ್ ಎಂಬ ದಂಪತಿಗಳು ಅಲ್ಲಿದ್ದ ತಮ್ಮ ಹೊಲವನ್ನು ನಿವೇಶನಗಳಾಗಿ ಒಡೆದು ಮಾರತೊಡಗಿದರು. ಕೊಂಡವರಲ್ಲಿ ಮೊದಲಿಗ ಆ್ಯಂಡ್ರೂ ವಿಲಿಯಮ್ಸ್ ಎಂಬ ಇಪ್ಪತ್ತೈದು ವರ್ಷದ ಕಪ್ಪುಜನಾಂಗದ ಯುವಕ; ಬೂಟು ಒರೆಸುವುದು ಅವನ ಕಸುಬು. ಮೂರು ನಿವೇಶನಗಳಿಗೆ ಅವನು ಕೊಟ್ಟದ್ದು 125 ಡಾಲರ್. ಎಪಿಫನಿ ಡೇವಿಸ್ ಎಂಬ, ದಾಣಿ ಅಂಗಡಿಯ ಗುಮಾಸ್ತ 578 ಡಾಲರಿಗೆ ಹನ್ನೆರಡು ನಿವೇಶನಗಳನ್ನು ಕೊಂಡ. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಝಯನ್ ಚರ್ಚಿನವರು ಆರು ಕೊಂಡರು. ಕಾಲವನ್ನು ಗಮನಿಸಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ಣವಾಗಿ ತೊಲಗಿದ್ದು 1827ರ ಜುಲೈ 4ರಂದು. ಅದಕ್ಕೂ ಎರಡು ವರ್ಷ ಮೊದಲು, ತನ್ನವರನ್ನು ಇನ್ನೂ ಕೊಂಡು ಮಾರಬಹುದಾಗಿದ್ದ ನಾಡಿನಲ್ಲಿ, ಬೂಟು ಒರೆಸುವ ಯುವಕನೊಬ್ಬ ಭೂಮಿಯ ಕ್ರಯಪತ್ರಕ್ಕೆ ಹೆಸರು ಹಾಕಿಸಿಕೊಂಡ.

ಆ ಕ್ರಯಪತ್ರದ ಬೆಲೆ ನೆಲದ ಬೆಲೆಗಿಂತ ದೊಡ್ಡದಾಗಿತ್ತು. 1821ರ ರಾಜ್ಯ ಸಂವಿಧಾನದ ಪ್ರಕಾರ ಕಪ್ಪು ಗಂಡಸು ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಸ್ಥಿರಾಸ್ತಿ ಇರಬೇಕು; ಮೂರು ವರ್ಷದಿಂದ ರಾಜ್ಯದಲ್ಲಿ ನೆಲೆಸಿರಬೇಕು. ಬಿಳಿಯರಿಗಿದ್ದ ಆಸ್ತಿಯ ಷರತ್ತನ್ನು ಕೆಲವೇ ವರ್ಷಗಳಲ್ಲಿ ತೆಗೆದುಹಾಕಿದರು. ಕಪ್ಪುಜನರಿಗೆ ಮಾತ್ರ ಅದು ಉಳಿಯಿತು. 1845ರ ಸುಮಾರಿನಲ್ಲಿ ನಗರದ ಸಾವಿರಾರು ಕಪ್ಪುಜನರಲ್ಲಿ ಮತದ ಅರ್ಹತೆಯಿದ್ದವರು ನೂರರಷ್ಟು ಮಂದಿ. ಅವರಲ್ಲಿ ಹತ್ತು ಜನ ಈ ಪುಟ್ಟ ಊರಿನವರು. ಮನೆ ಕಟ್ಟಿಕೊಳ್ಳುವುದು ಅವರಿಗೆ ನೆರಳನ್ನು ಸಂಪಾದಿಸುವ ಮಾರ್ಗವಾಗಿದ್ದಂತೆಯೇ ಪ್ರಜೆಯಾಗುವ ಮಾರ್ಗವೂ ಆಗಿತ್ತು.

ಊರು ನಿಧಾನವಾಗಿ ಬೆಳೆಯಿತು. 1838ರಲ್ಲಿ ಪಕ್ಕದ ಯಾರ್ಕ್ ಹಿಲ್ ಎಂಬಲ್ಲಿ ಜಲಾಶಯ ಕಟ್ಟಲು ನೆಲ ತೆಗೆದುಕೊಂಡಾಗ ಅಲ್ಲಿಂದ ಎದ್ದವರೂ ಇಲ್ಲಿಗೆ ಬಂದರು. ಒಮ್ಮೆ ಎದ್ದವರು ಇನ್ನೊಮ್ಮೆ ಏಳಬೇಕಾಗುವುದೆಂದು ಆಗ ಅವರಿಗೆ ಗೊತ್ತಿರಲಿಲ್ಲ. 1855ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 225 ಮಂದಿ. ಮೂರರಲ್ಲಿ ಎರಡು ಪಾಲು ಕಪ್ಪುಜನರು, ಉಳಿದವರಲ್ಲಿ ಹೆಚ್ಚಿನವರು ಐರಿಶರು. ಐವತ್ತಕ್ಕೂ ಹೆಚ್ಚು ಮನೆಗಳು, ಮೂರು ಚರ್ಚುಗಳು, ಒಂದು ಶಾಲೆ, ಗೋರಿಯ ನೆಲ, ತೋಟಗಳು. ‘ಆಲ್ ಏಂಜಲ್ಸ್’ ಎಂಬ ಚರ್ಚಿನಲ್ಲಿ ಕಪ್ಪು ಕುಟುಂಬಗಳೂ ಬಿಳಿಯ ಕುಟುಂಬಗಳೂ ಒಟ್ಟಿಗೆ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿದ್ದರು. ಡೌನಿಂಗ್ ತನ್ನ ಉದ್ಯಾನದಲ್ಲಿ ಕಾಣಬಯಸಿದ ಪಾಠಶಾಲೆ ಆ ಬಂಡೆಗಳ ನಡುವೆ ಯಾರ ಯೋಜನೆಯೂ ಇಲ್ಲದೆ ನಡೆಯುತ್ತಿತ್ತೆಂದು ನನಗೆ ತೋರುತ್ತದೆ.

1853ರ ಆಗಸ್ಟ್ 4ರಂದು ಝಯನ್ ಚರ್ಚಿನವರು ಹೊಸ ಕಟ್ಟಡಕ್ಕೆ ಅಸ್ತಿವಾರದ ಕಲ್ಲು ಇಟ್ಟರು. ಕಲ್ಲಿನೊಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬೈಬಲ್ಲು, ಕೀರ್ತನೆಗಳ ಪುಸ್ತಕ, ಚರ್ಚಿನ ನಿಯಮಾವಳಿ, ಧರ್ಮದರ್ಶಿಗಳ ಹೆಸರುಗಳುಳ್ಳ ಕಾಗದ, ಅಂದಿನ ಎರಡು ದಿನಪತ್ರಿಕೆಗಳು. ಮುಂದಿನವರು ಎಂದಾದರೂ ತೆರೆದು ನೋಡಲಿ ಎಂಬ ಆಸೆ. ಉದ್ಯಾನದ ಕಾನೂನು ಅಂಗೀಕಾರವಾಗಿ ಆಗ ಎರಡೇ ವಾರ ಕಳೆದಿತ್ತು.

ಆಮೇಲಿನದು ಕಚೇರಿಯ ಕತೆ. ಆಯುಕ್ತರು ಬಂದರು, ಅಳೆದರು, ಬೆಲೆ ಕಟ್ಟಿದರು. ಜಮೀನಿಗೆಂದು ಗೊತ್ತಾದ ಪರಿಹಾರದ ಮೊತ್ತ 50 ಲಕ್ಷ ಡಾಲರ್ ದಾಟಿತು. ಅದರಲ್ಲಿ ಮೂರನೆಯ ಒಂದು ಪಾಲನ್ನು ಉದ್ಯಾನದಿಂದ ಲಾಭ ಪಡೆಯಲಿರುವ ಅಕ್ಕಪಕ್ಕದ ಭೂಮಾಲೀಕರ ಮೇಲೆ ಹೇರಿದರು. ಆ್ಯಂಡ್ರೂ ವಿಲಿಯಮ್ಸ್ ತನ್ನ ಮನೆಗೂ ಮೂರು ನಿವೇಶನಗಳಿಗೂ 3,500 ಡಾಲರ್ ಕೇಳಿದ, ಕೊಟ್ಟದ್ದು 2,335. ಮೂವತ್ತು ವರ್ಷದ ಹಿಂದೆ ಅವನು ತೆತ್ತ 125 ಡಾಲರಿಗೆ ಹೋಲಿಸಿದರೆ ಇದು ದೊಡ್ಡ ಮೊತ್ತವೆಂದು ಲೆಕ್ಕ ಬಲ್ಲವರು ಹೇಳಬಹುದು. ಆದರೆ ಅದೇ ಹಣಕ್ಕೆ ಅಂಥದೇ ಊರಿನಲ್ಲಿ ಅಂಥದೇ ಮನೆ, ಅದರೊಡನೆ ಬರುವ ಮತ, ದೊರೆಯುತ್ತಿತ್ತೆ? ಬಾಡಿಗೆಗೆ ಇದ್ದವರಿಗಂತೂ ಪರಿಹಾರವೇ ಇಲ್ಲ. ಊರವರು ಮನವಿ ಸಲ್ಲಿಸಿದರು, ಅಹವಾಲು ಹೇಳಿಕೊಂಡರು. ಪತ್ರಿಕೆಗಳು ಅಷ್ಟರಲ್ಲಿ ತಮ್ಮ ಕೆಲಸ ಮಾಡಿ ಮುಗಿಸಿದ್ದವು. ಅಲ್ಲಿರುವವರೆಲ್ಲ ಅನ್ಯರ ನೆಲದಲ್ಲಿ ಗುಡಿಸಲು ಹಾಕಿಕೊಂಡ ಪುಂಡರು, ಕಳ್ಳರು ಎಂದು ಬರೆದವು. ಆ ಊರಿಗೆ ನಾನು ಇಲ್ಲಿ ಉಚ್ಚರಿಸಲೊಲ್ಲದ ಹೀನ ಹೆಸರನ್ನೂ ಇಟ್ಟವು. ಕ್ರಯಪತ್ರ ಕೈಯಲ್ಲಿ ಹಿಡಿದು ತೆರಿಗೆ ಕಟ್ಟುತ್ತಿದ್ದವರನ್ನು ಓದುಗರ ಕಣ್ಣಲ್ಲಿ ಒತ್ತುವರಿದಾರರನ್ನಾಗಿ ಮಾಡಿದ ಮೇಲೆ ಉಳಿದ ಕೆಲಸ ಸುಲಭ. 1857ರ ಅಕ್ಟೋಬರ್ 1ರ ವೇಳೆಗೆ ಊರು ಬರಿದಾಯಿತು. ಅಲ್ಲಿಂದ ಎದ್ದವರು ಒಂದು ಸಮುದಾಯವಾಗಿ ಮತ್ತೆಲ್ಲೂ ನೆಲೆಗೊಳ್ಳಲಿಲ್ಲ.

ಖಾಂಡವದಹನದ ಕತೆ ನಿಮಗೆ ಗೊತ್ತಿದೆ. ಅಲ್ಲಿ ಕಾಡನ್ನು ಸುಟ್ಟು, ನಾಗರನ್ನು ಓಡಿಸಿದ ಮೇಲೆ ಇಂದ್ರಪ್ರಸ್ಥದಲ್ಲಿ ಸಭಾಭವನ ಎದ್ದಿತು. ನ್ಯೂಯಾರ್ಕಿನವರು ಅದನ್ನು ತಿರುಗುಮುರುಗು ಮಾಡಿದರು. ಊರನ್ನು ಕಿತ್ತು ಕಾಡನ್ನು ಕಟ್ಟಿದರು. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಆ ಬೆಂಕಿಯಿಂದ ಉಳಿದ ಮಯನೆಂಬ ಶಿಲ್ಪಿ ಪಾಂಡವರಿಗೆ ಕಟ್ಟಿಕೊಟ್ಟ ಸಭೆಯಲ್ಲಿ ನೀರು ನೆಲದಂತೆ, ನೆಲ ನೀರಿನಂತೆ ತೋರುತ್ತಿತ್ತಲ್ಲವೆ? ಸೆಂಟ್ರಲ್ ಪಾರ್ಕಿಗೂ ಅಂಥ ಶಿಲ್ಪಿಗಳು ದೊರೆತರು.

1857ರ ಅಕ್ಟೋಬರಿನಲ್ಲಿ ಉದ್ಯಾನದ ಆಡಳಿತ ಮಂಡಳಿ ನಕ್ಷೆಗಾಗಿ ಸ್ಪರ್ಧೆಯೊಂದನ್ನು ಪ್ರಕಟಿಸಿತು. ಮೊದಲ ಬಹುಮಾನ 2,000 ಡಾಲರ್. ಬಂದ ನಕ್ಷೆಗಳು 33. ಕಡೆಯದಾಗಿ ಬಂದ ಮೂವತ್ತಮೂರನೆಯ ನಕ್ಷೆಗೆ 1858ರ ಏಪ್ರಿಲಿನಲ್ಲಿ ಬಹುಮಾನ ಬಂತು. ‘ಗ್ರೀನ್‌ಸ್ವರ್ಡ್’, ಎಂದರೆ ಹಸಿರು ಹುಲ್ಲುನೆಲ, ಎಂಬುದು ಅದರ ಹೆಸರು. ಬರೆದವರು ಇಬ್ಬರು. ಒಬ್ಬ ಡೌನಿಂಗನ ಜೊತೆಗಾರನಾಗಿದ್ದ ಇಂಗ್ಲೆಂಡಿನ ವಾಸ್ತುಶಿಲ್ಪಿ ಕ್ಯಾಲ್ವರ್ಟ್ ವಾಕ್ಸ್. ಇನ್ನೊಬ್ಬ ಫ್ರೆಡರಿಕ್ ಲಾ ಓಮ್‌ಸ್ಟೆಡ್; ಒಕ್ಕಲುತನ ಮಾಡಿ, ಪತ್ರಿಕೆಗೆ ಬರೆದು, ಆ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಉದ್ಯಾನದ ಮೇಲ್ವಿಚಾರಕನಾಗಿ ಸೇರಿದ್ದವನು. 1850ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಬರ್ಕನ್‌ಹೆಡ್ ಉದ್ಯಾನವನ್ನು ಕಂಡು, ಹಳ್ಳಿಯವರೂ ಕೂಲಿಯವರೂ ಅದನ್ನು ತಮ್ಮದೆಂಬಂತೆ ಅನುಭವಿಸುತ್ತಿದ್ದುದಕ್ಕೆ ಆತ ಬೆರಗಾಗಿದ್ದ.

ಈ ಓಮ್‌ಸ್ಟೆಡ್‌ನ ವಿಷಯದಲ್ಲಿ ನನ್ನನ್ನು ಕಾಡುವ ಸಂಗತಿಯೊಂದಿದೆ. ಉದ್ಯಾನಕ್ಕೆ ಕೈಹಾಕುವ ಮೊದಲು ಆತ ದಕ್ಷಿಣದ ರಾಜ್ಯಗಳಲ್ಲಿ ತಿಂಗಳುಗಟ್ಟಲೆ ಸುತ್ತಿ, ಗುಲಾಮರನ್ನಿಟ್ಟುಕೊಂಡ ಹತ್ತಿಯ ತೋಟಗಳ ಜೀವನವನ್ನು ಪತ್ರಿಕೆಗೆ ವರದಿ ಮಾಡಿದ್ದ. ಗುಲಾಮಗಿರಿ ಮನುಷ್ಯರನ್ನೂ ಭೂಮಿಯನ್ನೂ ಹೇಗೆ ಹಾಳುಮಾಡುತ್ತದೆಂಬುದನ್ನು ಅವನಷ್ಟು ವಿವರವಾಗಿ ಬರೆದ ಉತ್ತರದವರು ಕಡಮೆ. ಅಂಥವನು, ಸ್ವತಂತ್ರರಾದ ಕಪ್ಪುಜನರ ಊರೊಂದು ಬರಿದಾಗುತ್ತಿದ್ದ ತಿಂಗಳಲ್ಲೇ ಆ ನೆಲದ ಮೇಲ್ವಿಚಾರಣೆಗೆ ಬಂದ. ಎಬ್ಬಿಸುವ ನಿರ್ಧಾರ ಅವನದಲ್ಲ. ಅದು ವರ್ಷಗಳ ಹಿಂದೆಯೇ ಆಗಿತ್ತು. ದೂರದ ಅನ್ಯಾಯವನ್ನು ಕಾಣಲು ಸಾವಿರಾರು ಮೈಲಿ ಕುದುರೆಯ ಮೇಲೆ ಅಲೆದ ಕಣ್ಣಿಗೆ ಕಾಲಡಿಯ ನೆಲ ಖಾಲಿ ನೆಲವಾಗಿ ಕಂಡಿರಬೇಕು.

ನಕ್ಷೆ ಅದ್ಭುತವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಉದ್ಯಾನವನ್ನು ಅಡ್ಡ ಹಾಯುವ ನಾಲ್ಕು ರಸ್ತೆಗಳಿರಲೇಬೇಕೆಂಬುದು ಸ್ಪರ್ಧೆಯ ಷರತ್ತು. ರಸ್ತೆ ಹಾಯ್ದರೆ ಉದ್ಯಾನ ಐದು ತುಂಡಾಗುತ್ತದೆ. ವಾಕ್ಸ್ ಮತ್ತು ಓಮ್‌ಸ್ಟೆಡ್ ಆ ನಾಲ್ಕು ರಸ್ತೆಗಳನ್ನು ನೆಲಮಟ್ಟದಿಂದ ಕೆಳಕ್ಕೆ, ಬಂಡೆಯನ್ನು ಸೀಳಿದ ಕಾಲುವೆಗಳೊಳಗೆ ಇಳಿಸಿಬಿಟ್ಟರು. ನಗರದ ಗಾಡಿಗಳು ಕೆಳಗೆ ಹಾದುಹೋಗುತ್ತವೆ. ಮೇಲೆ ನಡೆಯುವವನಿಗೆ ಅವುಗಳ ಸುಳಿವೇ ಇಲ್ಲ. ಮೋಟಾರು ಗಾಡಿಯ ಹೆಸರೂ ಹುಟ್ಟದ ಕಾಲದಲ್ಲಿ ಮಾಡಿದ ಈ ಉಪಾಯ ಇಂದಿಗೂ ಕೆಲಸ ಮಾಡುತ್ತಿದೆ. ಉದ್ಯಾನದೊಳಗೂ ಸಾರೋಟಿಗೆ, ಕುದುರೆಸವಾರರಿಗೆ, ಕಾಲ್ನಡಿಗೆಯವರಿಗೆ ಬೇರೆ ಬೇರೆ ದಾರಿಗಳು. ಒಂದು ಇನ್ನೊಂದನ್ನು ಹಾಯುವಲ್ಲಿ ಮೇಲೊಂದು ಸೇತುವೆ. ನಗರ ಯೋಜನೆ ಮಾಡುವವರು ಕಲಿಯಬೇಕಾದ ಪಾಠ ಇಲ್ಲಿ ಬೇಕಾದಷ್ಟಿದೆ.

ಕಟ್ಟುವ ಕೆಲಸ ಯುದ್ಧದಂತೆ ನಡೆಯಿತು. 1857ರಲ್ಲಿ ಬ್ಯಾಂಕುಗಳು ಮುಳುಗಿ ನಗರದಲ್ಲಿ ನಿರುದ್ಯೋಗ ಹಬ್ಬಿತ್ತು. ಕೆಲಸ ಕೊಡಿ ಎಂದು ಜನ ಗುಂಪುಗೂಡಿ ಬಂದರು. ಕೆಲಸ ಬಿರುಸಾಗಿದ್ದ 1859ರಲ್ಲಿ ಒಮ್ಮೆಗೇ 3,600ಕ್ಕೂ ಹೆಚ್ಚು ಕೂಲಿಗಳು ದುಡಿಯುತ್ತಿದ್ದರು. ಬಹುಪಾಲು ಐರಿಶರು, ಜರ್ಮನರು. ಕಪ್ಪುಜನರಿಗೆ ಅಲ್ಲಿ ಕೂಲಿಯೂ ದೊರೆಯಲಿಲ್ಲವೆಂದೇ ಹೇಳಬೇಕು. ಬಂಡೆ ಸಿಡಿಸಲು ಬಳಸಿದ ಮದ್ದು ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದಲ್ಲಿ ಸುಟ್ಟದ್ದಕ್ಕಿಂತ ಹೆಚ್ಚೆಂದು ಹೇಳುವುದುಂಟು. ಅಲ್ಲಿಯ ಮಣ್ಣು ಮರಕ್ಕೆ ಸಾಲದೆಂದು ಪಕ್ಕದ ನ್ಯೂಜರ್ಸಿಯಿಂದ ಫಲವತ್ತಾದ ಮಣ್ಣು ತರಿಸಿದರು. ಜೌಗಿನ ನೀರನ್ನು ಬಸಿದು, ಅದೇ ತಗ್ಗಿಗೆ ಕೊಳವೆಯ ನೀರು ಬಿಟ್ಟು ಸರೋವರ ಮಾಡಿದರು. 1858ರ ಡಿಸೆಂಬರಿನಲ್ಲಿ ಆ ಸರೋವರ ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ಜಾರಾಟವಾಡಲು ಬಂದರು. ಮರುವರ್ಷ ‘ರ್‍ಯಾಂಬಲ್’ ಎಂಬ ಕಾಡಿನ ಭಾಗ ತೆರೆಯಿತು. ಅಲ್ಲಿ ಸುತ್ತುವವನಿಗೆ ಕಾಣುವ ಝರಿ, ಪೊದೆ, ತಿರುವು ಎಲ್ಲವೂ ಕಾಗದದ ಮೇಲೆ ಬರೆದು ಮಾಡಿದವು. ನಿಸರ್ಗದ್ದೆಂಬುದು ತಳದ ಬಂಡೆಯೊಂದೇ. ‘ಟ್ರಿಬ್ಯೂನ್’ ಪತ್ರಿಕೆಯ ಹೆಸರಾಂತ ಸಂಪಾದಕ ಹೋರೇಸ್ ಗ್ರೀಲಿ ಒಂದು ಸುತ್ತು ಬಂದು, ಪರವಾಗಿಲ್ಲ, ಇದ್ದದ್ದನ್ನು ಹೆಚ್ಚು ಮುಟ್ಟದೆ ಹಾಗೇ ಬಿಟ್ಟಿದ್ದಾರೆ ಎಂದು ಮೆಚ್ಚಿಕೊಂಡನೆಂಬ ಕತೆಯಿದೆ. ಮಯನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಏನು ಬೇಕು!

ನನ್ನ ವಾದವಿರುವುದು ಇಲ್ಲಿಯೇ. ಕೋಟೆಯನ್ನೋ ಅರಮನೆಯನ್ನೋ ಕಟ್ಟಿದರೆ, ಇದಕ್ಕೆ ಮೊದಲು ಇಲ್ಲಿ ಏನಿತ್ತು ಎಂದು ನೋಡುವವನು ಕೇಳಬಹುದು. ಕಟ್ಟಡ ತಾನು ಕಟ್ಟಡವೆಂಬುದನ್ನು ಮರೆಸುವುದಿಲ್ಲ. ಕಾಡಿನಂತೆ ಕಾಣುವ ಉದ್ಯಾನದ ಮುಂದೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಕಾಡಿಗೆ ಮೊದಲು ಏನಿದ್ದೀತು? ಹೀಗೆ ವಾಕ್ಸ್ ಮತ್ತು ಓಮ್‌ಸ್ಟೆಡ್ ಅವರ ಕಲೆ ಎಷ್ಟು ಪರಿಪೂರ್ಣವಾಯಿತೋ ಸೆನೆಕಾ ವಿಲೇಜ್ ಅಷ್ಟೇ ಪೂರ್ಣವಾಗಿ ಅಳಿಸಿಹೋಯಿತು. 1871ರಲ್ಲಿ 85ನೆಯ ಬೀದಿಯ ಬಾಗಿಲ ಹತ್ತಿರ ಮರಗಳನ್ನು ಕೀಳುತ್ತಿದ್ದ ಕೆಲಸಗಾರರಿಗೆ ಶವಪೆಟ್ಟಿಗೆ ಸಿಕ್ಕಿದಾಗ, ಇದು ಇಲ್ಲಿಗೆ ಹೇಗೆ ಬಂತೆಂದು ಪತ್ರಿಕೆಯವರು ಅಚ್ಚರಿಪಟ್ಟರು. ಚರ್ಚಿನ ಬಾಗಿಲು ಮುಚ್ಚಿ ಆಗ ಹದಿನಾಲ್ಕೇ ವರ್ಷ.

ಇನ್ನು ಬಾಗಿಲು ತೆರೆದ ಮೇಲೆ ಒಳಗೆ ಬಂದವರಾರು? ಮೊದಲ ದಶಕದಲ್ಲಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾರೋಟುಗಳಲ್ಲಿ ಬಂದರು. ಸಾರೋಟು ಇಡುವ ಶಕ್ತಿಯಿದ್ದವರು ನಗರದಲ್ಲಿ ನೂರಕ್ಕೆ ಐವರೂ ಇರಲಿಲ್ಲ. ದ್ವೀಪದ ಕೆಳತುದಿಯ ಇಕ್ಕಟ್ಟಿನಲ್ಲಿ ಬದುಕುವ ಕೂಲಿಯವನಿಗೆ ಉದ್ಯಾನ ದೂರ. ಹೆಂಡತಿ ಮಕ್ಕಳೊಡನೆ ಬಂದುಹೋಗುವ ಖರ್ಚು ಭಾರ. ಬಂದರೂ ನಿಯಮಗಳ ಕಾಟ. ಹುಲ್ಲಿನ ಮೇಲೆ ನಡೆಯಬಾರದು. ಗುಂಪು ಕೂಡಿ ವನಭೋಜನ ಮಾಡಬಾರದು. ಹುಡುಗರು ಚೆಂಡಾಡಬೇಕಾದರೆ ಶಾಲೆಯ ಮುಖ್ಯೋಪಾಧ್ಯಾಯರಿಂದ ಚೀಟಿ ತರಬೇಕು. ವ್ಯಾಪಾರಿ ತನ್ನ ಅಂಗಡಿಯ ಗಾಡಿಯಲ್ಲೇ ಸಂಸಾರವನ್ನು ಕೂರಿಸಿಕೊಂಡು ಬಂದರೆ ಅದಕ್ಕೆ ಪ್ರವೇಶವಿಲ್ಲ. ಸಂಗೀತ ಕಚೇರಿ ಶನಿವಾರ ಮಧ್ಯಾಹ್ನ ಮಾತ್ರ. ದುಡಿಯುವವರಿಗೆ ಬಿಡುವಿದ್ದ ಭಾನುವಾರ ಇಲ್ಲ. ಜನ ಕೇಳಿ ಕೇಳಿ, 1884ರಲ್ಲಿ ಭಾನುವಾರವೂ ವಾದ್ಯ ಮೊಳಗಿತು. ನಿಸರ್ಗದ ಮುಂದೆ ಮೌನವಾಗಿ ನಿಂತರೆ ಮನಸ್ಸು ಸಂಸ್ಕಾರಗೊಳ್ಳುವುದೆಂಬ ಓಮ್‌ಸ್ಟೆಡ್‌ನ ನಂಬಿಕೆ ಪ್ರಾಮಾಣಿಕವಾದದ್ದೇ. ಆದರೆ ವಾರಕ್ಕೊಮ್ಮೆ ಬಿಡುವು ದೊರೆತವನಿಗೆ ಮೌನಕ್ಕಿಂತ ಮಾತು, ಆಟ, ಊಟ ಬೇಕಾಗುತ್ತದೆಂಬುದು ಅವನಿಗೆ ಕಡೆಯತನಕ ಹಿಡಿಸಲಿಲ್ಲ. ಜನ ಉದ್ಯಾನವನ್ನು ತಮ್ಮದು ಮಾಡಿಕೊಂಡದ್ದು ಹೀಗೆ ಒಂದೊಂದು ನಿಯಮವನ್ನು ಸವೆಯಿಸುತ್ತ ಸವೆಯಿಸುತ್ತ.

1930ರ ಬಳಿಕ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಇನ್ನೊಂದು ವಿಚಿತ್ರ ನಡೆಯಿತು. ಯಾರ್ಕ್ ಹಿಲ್ಲಿನವರನ್ನು ಎಬ್ಬಿಸಿ ಕಟ್ಟಿದ್ದ ಆ ಹಳೆಯ ಜಲಾಶಯವನ್ನು ಆಗ ಬರಿದುಮಾಡಿದ್ದರು. ಬತ್ತಿದ ತಳದಲ್ಲಿ ಮನೆಯಿಲ್ಲದವರು 1931ರ ಹೊತ್ತಿಗೆ ಗುಡಿಸಲು ಹಾಕಿದರು. ಕೆಲಸ ಕಳೆದುಕೊಂಡ ಗಾರೆಯವರು ಅಲ್ಲಿ ಇಟ್ಟಿಗೆಯ ಮನೆಯನ್ನೇ ಕಟ್ಟಿದರು. ಈ ಸಲ ಪತ್ರಿಕೆಗಳು ಅಷ್ಟು ನಿಷ್ಠುರವಾಗಿರಲಿಲ್ಲ. ನೋಡಲು ಬಂದವರು ಕನಿಕರಪಟ್ಟರು. 1933ರಲ್ಲಿ ಅವರನ್ನೂ ಎಬ್ಬಿಸಿ ಆ ತಗ್ಗನ್ನು ತುಂಬಿ ದೊಡ್ಡ ಹುಲ್ಲುಬಯಲು ಮಾಡಿದರು.

ಸೆನೆಕಾ ವಿಲೇಜಿನ ಹೆಸರು ಮತ್ತೆ ಸಾರ್ವಜನಿಕರ ಕಿವಿಗೆ ಬಿದ್ದದ್ದು 1992ರಲ್ಲಿ. ರಾಯ್ ರೋಸೆನ್‌ಜ್ವೈಗ್ ಮತ್ತು ಎಲಿಜಬೆತ್ ಬ್ಲ್ಯಾಕ್ಮರ್ ಎಂಬ ಇತಿಹಾಸಕಾರರು ಉದ್ಯಾನದ ಚರಿತ್ರೆ ಬರೆಯುವಾಗ ಅದನ್ನು ಎಂದಿನಂತೆ ಶಿಲ್ಪಿಗಳಿಂದ ಆರಂಭಿಸದೆ ಜನಗಣತಿ, ತೆರಿಗೆಯ ಪಟ್ಟಿ, ಚರ್ಚಿನ ದಾಖಲೆ, ಪರಿಹಾರದ ಕಡತಗಳನ್ನು ಬಿಡಿಸಿ ನೋಡಿದರು. ಒತ್ತುವರಿದಾರರೆಂದು ಒಂದೂವರೆ ಶತಮಾನ ಕರೆಸಿಕೊಂಡವರು ಹೆಸರು, ಕಸುಬು, ಮನೆಯ ಬೆಲೆ ಸಹಿತ ಒಬ್ಬೊಬ್ಬರಾಗಿ ಎದ್ದು ನಿಂತರು. 1997ರಲ್ಲಿ ಆ ಊರನ್ನು ಕುರಿತು ಒಂದು ಪ್ರದರ್ಶನ ನಡೆಯಿತು. 2001ರಲ್ಲಿ ಆ ಜಾಗದಲ್ಲಿ ಒಂದು ಫಲಕ ಬಂತು. ಜನ ಬಂಡೆಯ ಪಕ್ಕದಲ್ಲಿ ನಿಂತು ಅದನ್ನು ಓದತೊಡಗಿದರು.

2011ರ ಬೇಸಿಗೆಯಲ್ಲಿ ಪುರಾತತ್ತ್ವಜ್ಞರಿಗೆ ಅಲ್ಲಿ ಅಗೆಯಲು ಅವಕಾಶ ದೊರೆಯಿತು. ಹುಲ್ಲನ್ನು ತೆಗೆದು ಇಳಿದಾಗ ವಿಲಿಯಂ ಗಾಡ್‌ಫ್ರಿ ವಿಲ್ಸನ್ ಎಂಬಾತನ ಮನೆಯ ಅಸ್ತಿವಾರದ ಕಲ್ಲುಗಳು ಕಂಡವು. ಆಲ್ ಏಂಜಲ್ಸ್ ಚರ್ಚಿನ ಪರಿಚಾರಕನಾಗಿದ್ದವನು ಆತ. ಕಬ್ಬಿಣದ ಚಹಾದ ಕೆಟಲು, ಮಾಂಸ ಹುರಿಯುವ ತಟ್ಟೆ, ಚೀನಾದಿಂದ ಬಂದ ಪಿಂಗಾಣಿಯ ಚೂರುಗಳು, ಒಂದು ಪುಟ್ಟ ಪಾದರಕ್ಷೆ. ಗುಡಿಸಲಿನ ಪುಂಡರೆಂದು ಪತ್ರಿಕೆಗಳು ಬಣ್ಣಿಸಿದವರು ಪಿಂಗಾಣಿಯ ಬಟ್ಟಲುಗಳನ್ನಿಟ್ಟುಕೊಂಡು ಸಂಸಾರ ಮಾಡಿದ್ದರು. ಸಿಕ್ಕಿದ್ದನ್ನೆಲ್ಲ ತೊಳೆದು, ಎಣಿಸಿ, ಚೀಲಗಳಲ್ಲಿ ತುಂಬಿ ಕೊಂಡೊಯ್ದರು. ಅಗೆದ ಗುಂಡಿಗಳನ್ನು ಮಣ್ಣು ತುಂಬಿ ಮುಚ್ಚಿದರು. 1853ರಲ್ಲಿ ಝಯನ್ ಚರ್ಚಿನವರು ಕಲ್ಲಿನೊಳಗಿಟ್ಟ ಪೆಟ್ಟಿಗೆ ಅವರಿಗೆ ಸಿಗಲಿಲ್ಲ.